ಪ್ರಮೀಳಜ್ಜಿ ಹುಟ್ಟಿದ ಕತೆ

ಕಂಪನಿಗಳಿಗೆ ಚರಿತ್ರೆ ಬರೆದುಕೊಡುವುದು ನನ್ನ ಕಸುಬು. ಚರಿತ್ರೆ ಇಲ್ಲದಿದ್ದರೂ ಬರೆದುಕೊಡುತ್ತೇನೆ. ಮುಂಬಯಿಯ ಗೋರೆಗಾಂವಿನ ‘ಪ್ರಮೀಳಾ ಲಂಚ್ ಹೋಮ್’ಗೆ ಹೋದಾಗ, ಪ್ರಮೀಳಾ ಯಾರೆಂದು ಮಾಲೀಕ ಶೆಟ್ರನ್ನು ಕೇಳಿದೆ.

“ಯಾರಿಗೆ ಗೊತ್ತು ಮಾರಾಯ್ರೆ. ಮೊದಲು ಇಲ್ಲಿ ಪ್ರಮೀಳಾ ಟೇಲರ್ಸ್ ಇತ್ತು. ಬೋರ್ಡು ಗಟ್ಟಿಯಿತ್ತು. ಟೇಲರ್ಸ್ ಮಾತ್ರ ಅಳಿಸಿ ಲಂಚ್ ಹೋಮ್ ಅಂತ ಬರೆಸಿದೆ.”

ಇಷ್ಟು ಚೆಂದದ ನಿಜ ನನ್ನ ಕಸುಬಿನಲ್ಲಿ ಸಿಗುವುದು ಅಪರೂಪ. ಆದರೆ ಹೋಟೆಲಿನ ಹೆಸರಲ್ಲಿ ಸಾರಿನ ಪುಡಿ ಮಾರಲು ಹೊರಟಿದ್ದ ಅವರ ಮಗಳಿಗೆ ಹಿಡಿಸಲಿಲ್ಲ.

“ಅಂಕಲ್, ಟೇಲರ್ ನಹೀ ಚಲೇಗಾ. ಪ್ಯಾಕೆಟ್ ಮೇಲೆ ಒಂದು ಅಜ್ಜಿ ಬೇಕು.”

ಬರೆದೆ. ಉಡುಪಿಯ ಪ್ರಮೀಳಜ್ಜಿ, ಅವಳ ಒರಳುಕಲ್ಲು, ಸಾಯುವಾಗ ಮಗನ ಕಿವಿಯಲ್ಲಿ ಹೇಳಿದ ಗುಟ್ಟು. ಮುಖವನ್ನು ಕಂಪ್ಯೂಟರೇ ಹುಟ್ಟಿಸಿಕೊಟ್ಟಿತು.

ಮೊನ್ನೆ ಹೋದರೆ ಗಲ್ಲಾಪೆಟ್ಟಿಗೆಯ ಮೇಲಿನ ಗೋಡೆಯಲ್ಲಿ ಅದೇ ಅಜ್ಜಿ, ಕಟ್ಟು ಹಾಕಿಸಿದ ಫೋಟೋದಲ್ಲಿ, ಮಲ್ಲಿಗೆ ಹಾರದೊಂದಿಗೆ. ಶೆಟ್ರು ಊದುಬತ್ತಿ ಹಚ್ಚಿ, ಕಣ್ಣು ಮುಚ್ಚಿ ಕೈಮುಗಿಯುತ್ತಿದ್ದರು.

“ಶೆಟ್ರೇ, ಇವರು ಇರಲೇ ಇಲ್ಲವಲ್ಲ?”

“ಗೊತ್ತುಂಟು. ಆದ್ರೆ ಹಾರ ಹಾಕಿ ಆಯ್ತಲ್ಲ. ಇನ್ನು ಕೈಮುಗಿಯದೆ ಇರ್ಲಿಕ್ಕಾಗ್ತದಾ? ಚಪ್ಪಲಿ ಬಿಟ್ಟು ಬನ್ನಿ.”

ಬಿಟ್ಟು ಹೋಗಿ ನಾನೂ ಕೈಮುಗಿದೆ. ನನಗೆ ಅನ್ನ ಹಾಕುವವರೆಲ್ಲ ಇಂಥವರೇ, ಹುಟ್ಟದೇ ತೀರಿಕೊಂಡವರು.