ಫ್ಲ್ಯಾಪ್ ಮೇಷ್ಟ್ರು

2001ರಲ್ಲಿ ಒಂಬತ್ತನೇ ಕ್ಲಾಸಿಗೆ ಓದು ನಿಲ್ಲಿಸಿ, ಶಿವಾಜಿನಗರದಲ್ಲಿ ಕಾರಿನ ಸೀಟು ಹೊಲಿಯಲು ಕೂತವನು ನಾನು. ಯಾರ ಮುಂದೆಯೂ ಕೈ ಒಡ್ಡಿದವನಲ್ಲ. ಮೇಷ್ಟ್ರು ಮೊದಲ ಸಲ ಅಂಗಡಿಗೆ ಬಂದಾಗ ನನ್ನ ಕಣ್ಣಿಗೆ ಬಿದ್ದದ್ದು ಅವರ ಎಡಗೈ ಹೆಬ್ಬೆರಳು: ಸುತ್ತಿಗೆಯಲ್ಲಿ ತಟ್ಟಿದ ಹಾಗೆ ಚಪ್ಪಟೆ, ಉಗುರೇ ಇಲ್ಲ. ಆಟೋದಲ್ಲಿ ವಿಮಾನದ ಎರಡು ಸೀಟು ಹೇರಿಕೊಂಡು ಬಂದಿದ್ದರು.

ಮರ್ಫಿ ಟೌನಿನವರು, ಸಣ್ಣ ವಿಮಾನ ಹಾರಿಸುವುದನ್ನು ಕಲಿಸುತ್ತಿದ್ದರು.

"ಹೊಲಿಗೆ ಒಳಗಡೆ ಇರ್ಲಿ ತಂಬಿ, ಲಿವರ್‌ಗೆ ಸಿಕ್ಕಾಕೋಬಾರ್ದು."

"ನನ್ ಹೊಲಿಗೆ ಸಿಕ್ಕಾಕೊಳ್ಳಲ್ಲ ಸಾರ್."

"ಕೊಬ್ಬು ಜಾಸ್ತಿ ನಿಂಗೆ. ಬಾ, ವಿಮಾನದಲ್ಲೇ ಕೂತು ನೋಡು."

ಕೆ.ಆರ್. ಪುರ ದಾಟಿ ಹೋದರೆ ಅವರ ರನ್‌ವೇ, ಬಹಳ ಗಿಡ್ಡ. ಹಾಗಾಗಿ ಮಾತೆಲ್ಲ ಫ್ಲ್ಯಾಪಿನದೇ. ಅದು ರೆಕ್ಕೆಯ ಹಿಂದಂಚಿನಲ್ಲಿ ಕೆಳಗೆ ಬಾಗುವ ತಗಡು. ಏರುವಾಗ ಸ್ವಲ್ಪ ಬಾಗಿಸಿದರೆ ಚಕ್ರ ಬೇಗ ನೆಲ ಬಿಡುತ್ತದೆ. ಇಳಿಯುವಾಗ ಪೂರ್ತಿ ಬಾಗಿಸಿದರೆ ನಿಧಾನವಾಗಿ ಬಂದು ಸಣ್ಣ ಜಾಗದಲ್ಲಿ ನಿಲ್ಲುತ್ತದೆ. ಹಲಸೂರಿನ ಹೋಟೆಲಿನಲ್ಲಿ ಇಡ್ಲಿ ತಟ್ಟೆ ವಾಲಿಸಿಯೂ ಇದನ್ನು ತೋರಿಸುತ್ತಿದ್ದರು. ಸೀಟುಗಳ ನಡುವಿನ ಲಿವರ್ ಎಳೆದರೆ ಫ್ಲ್ಯಾಪ್ ಬಾಗುತ್ತದೆ, ಕೆಳಗೆ ಒತ್ತಿದರೆ ಮಡಚುತ್ತದೆ. ಇಳಿಯಲಾಗದೆ ಮತ್ತೆ ಮೇಲೇಳುವಾಗ ಗಾಬರಿಯಲ್ಲಿ ಒಮ್ಮೆಲೇ ಮಡಚಿದರೆ ವಿಮಾನ ಕುಸಿದು ನೆಲಕ್ಕೆ ಬಡಿಯುತ್ತದೆ.

"ಕೊಟ್ಟಿದ್ದನ್ನ ಒಂದೇ ಸಲ ಕಿತ್ಕೋಬೇಡ. ಗಾಳಿಗೆ ಹೇಳ್ಬಿಟ್ಟು ಕಿತ್ಕೋ," ಎನ್ನುವರು. ಶಿಷ್ಯರು ಅವಸರ ಮಾಡಿದರೆ ಬಯ್ಯುತ್ತಿರಲಿಲ್ಲ. ಲಿವರ್ ಹಿಡಿದ ಅವರ ಕೈ ಮೇಲೆ ತಮ್ಮ ಕೈ ಇಟ್ಟು, ಒಂದೊಂದೇ ಹಂತ ಬಿಡುತ್ತಿದ್ದರು.

ಹೋದ ವರ್ಷ ಮೇಷ್ಟ್ರು ನಿದ್ದೆಯಲ್ಲೇ ತೀರಿಕೊಂಡರು. ತಿಥಿ ಮುಗಿದ ಮೇಲೆ ಅವರ ಶಿಷ್ಯನೊಬ್ಬ, "ಬಾ ಅಣ್ಣ, ಮೇಷ್ಟ್ರ ಹೆಸರಲ್ಲಿ ಒಂದು ರೌಂಡು," ಎಂದು ಕರೆದ. ಅವರ ಸೀಟಿನಲ್ಲಿ ನಾನು ಕೂತೆ. ಇಳಿಯುವಾಗ ರನ್‌ವೇ ತುಂಬ ನಾಯಿಗಳು. ಶಿಷ್ಯ ಎಂಜಿನ್ನಿಗೆ ಪೂರ್ತಿ ಬಲ ಕೊಟ್ಟು, ಹೆದರಿಕೆಯಲ್ಲಿ ಲಿವರನ್ನು ಒಂದೇ ಸಲ ಕೆಳಗೆ ಒತ್ತಿದ. ಅದು ಒಂದು ಹಂತ ಇಳಿದು ನಿಂತುಬಿಟ್ಟಿತು.

"ಕೈ ತೆಗಿ ಅಣ್ಣ, ಸತ್ತೋಗ್ತೀವಿ."

ನನ್ನ ಎರಡೂ ಕೈ ತೊಡೆಯ ಮೇಲಿದ್ದವು.

ವಿಮಾನ ತುಸು ಏರಿತು. ಆಮೇಲೆ ಲಿವರ್ ಇನ್ನೊಂದು ಹಂತ ಬಿಟ್ಟುಕೊಟ್ಟಿತು. ಮತ್ತಷ್ಟು ಏರಿದೆವು.

ಕೆಳಗಿಳಿದ ಕೂಡಲೇ ನಾನು ಬಗ್ಗಿ ನೋಡಿದ್ದು ನನ್ನ ಹೊಲಿಗೆಯನ್ನು. ಒಂದು ದಾರವೂ ಹೊರಬಂದಿರಲಿಲ್ಲ. ಮೆಕ್ಯಾನಿಕ್ ಲಿವರ್ ಬಿಚ್ಚಿ ನೋಡಿದ, ಸಲೀಸಾಗಿ ಆಡುತ್ತಿತ್ತು. ಶಿಷ್ಯ ಬಲಗೈ ಉಜ್ಜಿಕೊಳ್ಳುತ್ತ ನಿಂತಿದ್ದ.

"ನಿನ್ ಕೈ ಯಾಕಣ್ಣ ಅಷ್ಟು ತಣ್ಣಗಿತ್ತು?"

ನನ್ನ ಕೈಯನ್ನು ಅವನ ಅಂಗೈಯಲ್ಲಿಟ್ಟೆ. ಬೆಚ್ಚಗಿತ್ತು.

ಈಗ ಹೊರಮಾವಿನಲ್ಲಿ ನನಗೊಂದು ಮನೆ, ಅಂಗಡಿಯಲ್ಲಿ ಎರಡು ಮಿಷನ್, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ಎಲ್ಲ ನನ್ನ ದುಡಿಮೆಯದು. ಉಸಿರು ಮಾತ್ರ ಮೇಷ್ಟ್ರದು.