ನಕ್ಕಿದ್ದು ಊರ ಮುಂದಲ್ಲ

ಅತ್ತಿಗೆಯ ಮುಂದಿನ ಎರಡು ಹಲ್ಲುಗಳ ನಡುವೆ ಜೋಳದ ಕಾಳು ಹಿಡಿಸುವಷ್ಟು ಸಂದಿತ್ತು. ಅದಕ್ಕೆ ನಾಚಿ, ನಗು ಬಂದಾಗಲೆಲ್ಲ ಸೆರಗನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದಳು. ಒಲೆಯ ಮುಂದೆ ನಾವಿಬ್ಬರೇ ಇದ್ದಾಗ, ಎರಡೂ ಕೈ ರೊಟ್ಟಿಯ ಹಿಟ್ಟಿನಲ್ಲಿರುತ್ತಿದ್ದುದರಿಂದ, ಬಾಯಿ ತುಂಬ ನಗುತ್ತಿದ್ದಳು.

ಸಂತೆಕಲ್ಲೂರಿನಿಂದ ಸಿಂಧನೂರಿನ ನಮ್ಮ ಮನೆಗೆ ಅವಳು ಸೊಸೆಯಾಗಿ ಬಂದಾಗ ನನಗೆ ಹದಿನಾಲ್ಕು. ಬಾಗಿಲಿಗಿಂತ ಪರದೆಗಳೇ ಹೆಚ್ಚಿದ್ದ ಮನೆ ನಮ್ಮದು. ಅವಳು ಪ್ರತಿ ಪರದೆಯ ಹೊರಗೂ ನಿಂತು, "ಒಳಗ ಬರ್ಲೇನು?" ಎಂದು ಕೇಳುತ್ತಿದ್ದಳು. "ನಿನ್ನ ಮನ್ಯಾಗ ನೀನ ಕೇಳ್ತೀಯಲ್ಲಬೇ," ಎಂದು ಅವ್ವ ಹಂಗಿಸಿದರೆ, "ಕೇಳಿದ್ರ ಏನ್ ಕಮ್ಮಿ ಆಗ್ತೈತ್ರೀ ಅತ್ತಿ?" ಎನ್ನುವಳು. ನನ್ನ ಟ್ರಂಕು ತೆರೆಯಬೇಕಾದರೂ ನನ್ನನ್ನು ಕೇಳುತ್ತಿದ್ದಳು. ಅಪ್ಪ ನನ್ನ ಶಾಲೆ ಬಿಡಿಸಲು ಹೊರಟಾಗ, ತಲೆಯ ಮೇಲಿನ ಸೆರಗು ಎಳೆದುಕೊಂಡು, "ಆಕಿನ್ನ ಒಂದ್ ಮಾತು ಕೇಳ್ರಿ ಮಾವಾ" ಎಂದಿದ್ದಳು. ನಾನು ಮೆಟ್ರಿಕ್ ಪಾಸಾದದ್ದು ಆ ಮಾತಿನಿಂದ.

ಒಂದು ದಿನ ಅಪ್ಪ ಅವ್ವ ಮದುವೆಗೆಂದು ಬಳಗಾನೂರಿಗೆ ಹೋಗಿದ್ದರು. ಅಣ್ಣ ಗೆಳೆಯನ ಕ್ಯಾಮೆರಾ ತಂದಿದ್ದ. ಅತ್ತಿಗೆ ತಲೆಗೆ ಎರೆದುಕೊಂಡು, ಲಂಗವನ್ನು ಎದೆಯ ಮೇಲೆ ಕಟ್ಟಿ, ಕೂದಲು ಹರವಿಕೊಂಡು ಕೋಣೆಯಲ್ಲಿದ್ದಳು. ನಾನು ಒಲೆಯ ಮುಂದಿದ್ದೆ. "ಬ್ಯಾಡ್ರೀ, ಹಿಂಗಿದ್ದಾಗ ಏನ್ರೀ ಅದು!" ಎಂಬ ಅವಳ ದನಿ ಕೇಳಿತು. "ನಾ ಒಬ್ಬಾವ ನೋಡಾಕ," ಎಂದ ಅಣ್ಣ. ಆಮೇಲೆ ಇಬ್ಬರೂ ನಕ್ಕರು.

ಐದು ವರ್ಷವಾದರೂ ಮಕ್ಕಳಾಗಲಿಲ್ಲ. ಅಣ್ಣ ಇನ್ನೊಂದು ಮದುವೆಗೆ ಹೆಣ್ಣು ನೋಡಿ, ಛಾಪಾ ಕಾಗದ ತಂದು ಅತ್ತಿಗೆಯ ಮುಂದಿಟ್ಟ. ತನ್ನ ಒಪ್ಪಿಗೆಯಿದೆ ಎಂದು ಅವಳು ರುಜು ಹಾಕಬೇಕಿತ್ತು. "ಮಾಡ್ಕೊಳ್ಳೋದಾದ್ರ ಮಾಡ್ಕೊಳ್ರಿ. ನಾ ಒಪ್ಪೀನಿ ಅಂತ ಮಾತ್ರ ಸುಳ್ಳ ಬರ್ಯಾಂಗಿಲ್ಲ," ಎಂದಳು.

ತಿಂಗಳೊಳಗೆ, ಅಂದು ಕೋಣೆಯಲ್ಲಿ ತೆಗೆದ ಆ ಫೋಟೊ ಅಣ್ಣನ ಗೊಬ್ಬರದ ಅಂಗಡಿಯಲ್ಲಿ ಕೈಯಿಂದ ಕೈಗೆ ಹೋಯಿತು. ಒಂದು ಪ್ರತಿ ಟಪಾಲಿನಲ್ಲಿ ಅವಳ ಅಪ್ಪನಿಗೂ ತಲುಪಿತು. ಹಿರಿಯರು ನಮ್ಮ ಪಡಸಾಲೆಯಲ್ಲಿ ಸೇರಿದರು. ಅಣ್ಣ ಎಲ್ಲರ ಮುಂದೆ ಹೇಳಿದ: "ಇದನ್ನ ನಾ ತಗದಿಲ್ಲ. ಯಾರ ಮುಂದ ಹಿಂಗ ನಿಂತಿದ್ಲು, ಆಕಿನ್ನ ಕೇಳ್ರಿ."

ಅತ್ತಿಗೆ ಅವನನ್ನು ನೋಡಲೇ ಇಲ್ಲ. ನನ್ನ ಕಡೆ ತಿರುಗಿದಳು. "ತಂಗಿ, ಆವತ್ತ ನೀ ಮನ್ಯಾಗ ಇದ್ದಿ. ಹೇಳು."

ಲಿಂಗಸುಗೂರಿನ ವರನೊಂದಿಗೆ ನನ್ನ ನಿಶ್ಚಯವಾಗಿ ಎರಡು ವಾರವಾಗಿತ್ತು. ಹಿಂದೆ ನಿಂತಿದ್ದ ಅವ್ವ ನನ್ನ ರಟ್ಟೆ ಹಿಡಿದಳು. "ನಂಗೇನೂ ಗೊತ್ತಿಲ್ಲ," ಎಂದೆ.

ಅತ್ತಿಗೆ ಮತ್ತೆ ಕೇಳಲಿಲ್ಲ. ಮರುದಿನ ಬೆಳಿಗ್ಗೆ ಬಸ್ಸು ಹತ್ತಿದಳು. ತವರಿನಲ್ಲಿ ಸ್ವಲ್ಪ ದಿನವಿದ್ದು, ಮಸ್ಕಿಯಲ್ಲಿ ಒಂದು ಕೋಣೆ ಹಿಡಿದು ರವಿಕೆ ಹೊಲಿಯತೊಡಗಿದಳು. ತನ್ನಪ್ಪನಿಗೆ ಬಂದಿದ್ದ ಪ್ರತಿಯನ್ನು ಹಿಡಿದು ಠಾಣೆಗೂ ಹೋದಳು. ಅಲ್ಲಿನ ಜಮಾದಾರ ಫೋಟೊವನ್ನು ತಿರುಗಿಸಿ ಮುರುಗಿಸಿ ನೋಡಿ, "ಮೈಮ್ಯಾಲ ಏಟಿಲ್ಲ, ಮನ್ಯಾಗ ಕಳವಾಗಿಲ್ಲ. ನೀನ ನಕ್ಕೊಂತ ನಿಂತೀದಿ. ಏನಂತ ಬರ್ಕೊಳ್ಳಲಿ?" ಎಂದನಂತೆ.

"ನಾ ನಕ್ಕಿದ್ದು ಗಂಡನ ಮುಂದ್ರೀ. ಊರ ಮುಂದಲ್ಲ," ಎಂದಳಂತೆ ಅತ್ತಿಗೆ.

ಇದನ್ನೆಲ್ಲ ನನಗೆ ಹೇಳಿದ್ದು ಲಿಂಗಸುಗೂರಿನಲ್ಲಿ ನಮ್ಮ ಓಣಿಯಲ್ಲೇ ಇದ್ದ ಅವಳ ವಕೀಲರು. ಹೆಂಡತಿಯ ಫೋಟೊ ಹೀಗೆ ಹಂಚಿದ್ದಕ್ಕೆಂದೇ ಕಾನೂನಿನ ಯಾವ ಕಲಮೂ ಅವರಿಗೆ ಸಿಕ್ಕಿರಲಿಲ್ಲ. ಲಿಂಗಸುಗೂರಿನ ಕೋರ್ಟಿನಲ್ಲಿ ಜೀವನಾಂಶದ ದಾವೆ ಹಾಕಿಸಿದ್ದರು. ಹೆಂಡತಿ ನಡತೆಗೆಟ್ಟವಳು ಎನ್ನಲು ಅಣ್ಣ ಅಲ್ಲಿಯೂ ಅದೇ ಫೋಟೊ ಹಾಜರುಪಡಿಸಿದ.

ಒಂದು ತಾರೀಖಿನ ದಿನ ಅಣ್ಣ ನಮ್ಮ ಮನೆಗೆ ಊಟಕ್ಕೆ ಬಂದ. ನನ್ನ ಮಗಳಿಗೆ ಆಗ ಒಂದು ವರ್ಷ. ಊಟ ಮುಗಿಸಿ ಎಲೆಅಡಿಕೆ ಹಾಕಿಕೊಳ್ಳುತ್ತ, ಅಂಗಿಯ ಕಿಸೆಯಿಂದ ಲಕೋಟೆ ತೆಗೆದು ನನ್ನ ಗಂಡನ ಕೈಗೆ ಕೊಟ್ಟ. ನನ್ನ ಗಂಡ ಒಮ್ಮೆ ನೋಡಿ ವಾಪಸು ಕೊಡಬಹುದಿತ್ತು. ಕೊಡಲಿಲ್ಲ. ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ನೀರಿನ ತಂಬಿಗೆ ಹಿಡಿದು ನಾನು ಅಲ್ಲೇ ನಿಂತಿದ್ದೆ. ಅಂದೇ ಸಂಜೆ ವಕೀಲರ ಮನೆಗೆ ಹೋಗಿ, ಸಾಕ್ಷಿ ಹೇಳುತ್ತೇನೆ ಎಂದೆ.

"ಒಲಿ ಮುಂದ ಇದ್ದೆರೀ. ಫೋಟೊ ಅಣ್ಣನ ತಗದಾನ. ಆಕಿ ಬ್ಯಾಡ ಅಂದಿದ್ಲು. ನಾ ಒಬ್ಬಾವ ನೋಡಾಕ ಅಂತ ಅಂದಾನ," ಎಂದು ಕಟಕಟೆಯಲ್ಲಿ ನಿಂತು ಹೇಳಿದೆ. ಅಣ್ಣ ತಲೆ ಎತ್ತಲಿಲ್ಲ. ನ್ಯಾಯಾಧೀಶರು ಫೋಟೊವನ್ನು ಲಕೋಟೆಯಲ್ಲಿಟ್ಟು ಅರಗು ಹಾಕಿಸಿದರು. ಮುಂದೆ ಜೀವನಾಂಶದ ಹುಕುಂ ಆಯಿತು. ನೆಗೆಟಿವ್ ಮಾತ್ರ ಸಿಗಲಿಲ್ಲ. ಕಳೆದಿದೆ ಎಂದ ಅಣ್ಣ. ಅಂದಿನಿಂದ ನನಗೆ ತವರಿಲ್ಲ. ಅದಕ್ಕೆ ನನಗೆ ದುಃಖವೂ ಆಗಲಿಲ್ಲ.

ಸಾಕ್ಷಿ ಹೇಳಿದ ದಿನ ಕೋರ್ಟಿನ ಮೆಟ್ಟಿಲ ಹತ್ತಿರ ಅತ್ತಿಗೆಯ ಕಾಲು ಹಿಡಿಯಲು ಬಾಗಿದೆ. ಅವಳು ಹಿಂದೆ ಸರಿದಳು.

"ಮೂರು ವರ್ಷ ಆತು, ತಂಗಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಇವತ್ತ ಹೇಳಿದಿ, ಛಲೋ ಆತು. ಆವತ್ತ ಪಡಸಾಲ್ಯಾಗ ಹೇಳಿದ್ರ ನಾ ಈ ಮೆಟ್ಲ ಹತ್ತತಿದ್ದಿಲ್ಲ." ನನ್ನ ಕಂಕುಳಲ್ಲಿದ್ದ ಮಗಳ ಕೆನ್ನೆ ಸವರಿ, ಮಸ್ಕಿಯ ಬಸ್ಸಿಗೆ ಹೊರಟುಹೋದಳು.

ಆಮೇಲೆ ಎರಡು ಪತ್ರ ಬರೆದೆ. ಉತ್ತರ ಬರಲಿಲ್ಲ. ಅವಳು ಕರೆಯದೆ ಅವಳ ಮನೆಗೆ ಹೋಗುವ ಧೈರ್ಯವೂ ನನಗಿರಲಿಲ್ಲ.

ಕೆಲವು ವರ್ಷಗಳ ಮೇಲೆ ವಕೀಲರೇ ಬಂದು, ಜ್ವರದಿಂದ ಅವಳು ತೀರಿಕೊಂಡ ಸುದ್ದಿ ಹೇಳಿದರು. ನಾನು ಮಸ್ಕಿ ಮುಟ್ಟುವಷ್ಟರಲ್ಲಿ ಮಣ್ಣಾಗಿತ್ತು. ಅವಳ ಕೋಣೆಯ ಮುಂದೆ ರವಿಕೆ ಹೊಲಿಯಲು ಕೊಟ್ಟಿದ್ದ ಹೆಂಗಸರು ಏಳೆಂಟು ಮಂದಿ ಕೂತು ಅಳುತ್ತಿದ್ದರು. ಅವರಲ್ಲೊಬ್ಬಳು ನನಗೆ ಜಾಗ ಮಾಡಿಕೊಟ್ಟು ಕೇಳಿದಳು:

"ನೀವು ಆಕಿಗಿ ಏನಾಗ್ಬೇಕ್ರೀ?"

"ನಾದಿನಿ," ಎಂದೆ.

ಅವಳು ನನ್ನ ಮುಖವನ್ನೇ ನೋಡಿದಳು. "ಆಕಿಗಿ ನಾದಿನಿ ಇದ್ಲೇನ್ರೀ? ಗಂಡನ ಕಡ್ಯಾಗ ನಂಗ ಯಾರೂ ಇಲ್ಲ ಅಂತಿದ್ಲು."