ಬೋರ್ಡು ಕ್ಯಾತ್ಸಂದ್ರದ್ದು, ಬಸ್ಸು ಕುಣಿಗಲ್ಲಿನದು

ಇವತ್ತು ಬೆಳಿಗ್ಗೆ ತುಮಕೂರು ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಣ್ಣುಮಗಳಿಗೆ ಬಸ್ಸು ತಪ್ಪಿಸಿದೆ ಕಣ್ರಪ್ಪ. ಆಕೆಯ ಮಗಳಿಗೆ ಕುಣಿಗಲ್ ಆಸ್ಪತ್ರೆಯಲ್ಲಿ ನಿನ್ನೆ ಹೆರಿಗೆಯಾಗಿದೆ. ಕ್ಯಾರಿಯರ್‌ನಲ್ಲಿ ಬಿಸಿ ಅನ್ನ, ಮೆಣಸಿನ ಸಾರು ತೆಗೆದುಕೊಂಡು ಹೊರಟಿದ್ದಳು. ನಾನೂ ಕುಣಿಗಲ್ಲಿಗೇ ಹೋಗಬೇಕಿತ್ತು.

ಒಂದು ಬಸ್ಸು ಬಂತು. "ಅಣ್ಣ, ನಂಗೆ ಓದಕ್ಕೆ ಬರಲ್ಲ. ಇದು ಕುಣಿಗಲ್‌ಗೆ ಹೋಯ್ತದಾ?" ಅಂದಳು.

ನಾನು ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವನು. ಆದರೂ ಬಸ್ಸಿನ ಬೋರ್ಡು ಓದಲು ಇದುವರೆಗೆ ಯಾರನ್ನೂ ಕೇಳಿಲ್ಲ. "ಕ್ಯಾತ್ಸಂದ್ರ ಅಂತ ಬರೆದವ್ರೆ ಕಣಮ್ಮ, ಸಿಟಿ ಬಸ್ಸು. ಸುಮ್ನೆ ಕೂತ್ಕೊ" ಎಂದು ಗದರಿದೆ. ಬಸ್ಸು ಹೊರಟುಹೋಯಿತು.

ಅರ್ಧ ಗಂಟೆ ಕಾದು, ಕಂಟ್ರೋಲರ್ ಹತ್ತಿರ ಜಗಳಕ್ಕೆ ಹೋದೆ.

"ಕುಣಿಗಲ್ ಬಸ್ಸು ಆಗ್ಲೇ ಹೋಯ್ತಲ್ಲ ಯಜಮಾನ್ರೇ. ಸಿಟಿಗೆ ಎಲೆಕ್ಟ್ರಿಕ್ ಬಸ್ ಬಂದ್ವು, ಹಳೇವ್ನ ಕುಣಿಗಲ್ ಕಡೆ ಹಾಕವ್ರೆ. ಬೋರ್ಡ್ ಇನ್ನೂ ಚೇಂಜ್ ಆಗಿಲ್ಲ. ಕೇಳಿ ಹತ್ಬೇಕು."

"ಕೇಳೇ ಹತ್ಬೇಕು ಅಂದ್ರೆ ಬೋರ್ಡ್ ಯಾಕ್ಲಾ?"



ಆ ಹೆಣ್ಣುಮಗಳು ನನ್ನನ್ನು ಬೈದಿದ್ದರೆ ನಾನೂ ಎರಡು ಬೈದು ಹಗುರಾಗುತ್ತಿದ್ದೆ. ಆಕೆ ಕ್ಯಾರಿಯರ್ ಮುಟ್ಟಿ ನೋಡಿ, "ಆರೋಯ್ತು, ಬುಡಣ್ಣ" ಅಂದಳು, ಅಷ್ಟೇ.

ಮುಂದಿನ ಬಸ್ಸಿನ ಮೇಲೆ ಕುಣಿಗಲ್ ಎಂದೇ ದಪ್ಪಕ್ಷರದಲ್ಲಿ ಬರೆದಿತ್ತು. ಆಕೆ ನನ್ನ ಕಡೆ ತಿರುಗದೆ ನೇರವಾಗಿ ಡ್ರೈವರ್‌ನನ್ನು ಕೇಳಿದಳು. ಬೋರ್ಡು ಓದಿಕೊಂಡ ನಾನೂ ಆಕೆಯ ಹಿಂದೆ ನಿಂತು ಅದನ್ನೇ ಕೇಳಿದೆ.